ಠೇವಣಿಯ ಕಾವಲು: ಪೆಟ್ಟು ತಿಂದು ಕಲಿತ ಪಾಠ

ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮ್ಮ ಬ್ಯಾಂಕ್ ನಿಯಂತ್ರಣ ವ್ಯವಸ್ಥೆಗೆ ಚೆನ್ನಾಗಿ ಒಪ್ಪುತ್ತದೆ. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಮುಳುಗಿದ ಬಳಿಕವೇ, 1962ರಲ್ಲಿ, ಠೇವಣಿ ವಿಮೆ ಜಾರಿಗೆ ಬಂತು. ಆಗಿನ ಮಿತಿ 1,500 ರೂಪಾಯಿ. 1993ರಲ್ಲಿ 1 ಲಕ್ಷಕ್ಕೇರಿದ ಮಿತಿ ಮುಂದೆ ಸುಮಾರು 27 ವರ್ಷ ಅಲ್ಲೇ ನಿಂತಿತು.

2019ರ ಸೆಪ್ಟೆಂಬರ್ ತಿಂಗಳನ್ನು ಮುಂಬಯಿಗರು ಮರೆತಿರಲಾರರು. ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದಾಗ ಠೇವಣಿದಾರರಿಗೆ ಮೊದಲು ಸಿಕ್ಕ ಅವಕಾಶ ಕೇವಲ 1,000 ರೂಪಾಯಿ. ಒಂದೇ ಕಟ್ಟಡ ನಿರ್ಮಾಣ ಸಮೂಹಕ್ಕೆ ಕೊಟ್ಟ ಸಾಲವನ್ನು ಮರೆಮಾಚಲು ಸುಮಾರು 21 ಸಾವಿರ ನಕಲಿ ಖಾತೆ ತೆರೆಯಲಾಗಿತ್ತೆಂಬ ಆರೋಪ ತನಿಖೆಯಲ್ಲಿ ಹೊರಬಿತ್ತು.

ಕಾನೂನು ಇರಲಿಲ್ಲವೆಂದಲ್ಲ. ಸಹಕಾರಿ ಬ್ಯಾಂಕುಗಳ ಲೇವಾದೇವಿ ರಿಸರ್ವ್ ಬ್ಯಾಂಕಿನ ಕೈಯಲ್ಲಿ, ಆಡಳಿತ ಸಹಕಾರ ಇಲಾಖೆಯ ಕೈಯಲ್ಲಿ. ಇಬ್ಬರು ಯಜಮಾನರಿದ್ದಲ್ಲಿ ಕೊನೆಗೆ ಹೊಣೆ ಯಾರಿಗೂ ಇಲ್ಲ.

ಈ ಪೆಟ್ಟಿನಿಂದ ಪಾಠ ಕಲಿತದ್ದೂ ಉಂಟು. 2020ರ ಫೆಬ್ರವರಿಯಲ್ಲಿ ವಿಮಾ ಮಿತಿ 5 ಲಕ್ಷಕ್ಕೇರಿತು. ಅದೇ ವರ್ಷದ ತಿದ್ದುಪಡಿಯಿಂದ ಸಹಕಾರಿ ಬ್ಯಾಂಕುಗಳ ಆಡಳಿತದ ಮೇಲೂ ರಿಸರ್ವ್ ಬ್ಯಾಂಕಿಗೆ ಹೆಚ್ಚಿನ ಅಧಿಕಾರ ಬಂತು. ನಿರ್ಬಂಧ ಬಿದ್ದ 90 ದಿನಗಳೊಳಗೆ ವಿಮಾ ಹಣ ಕೊಡಬೇಕೆಂದು 2021ರಲ್ಲಿ ಕಾಯಿದೆಯಾಯಿತು.

ಫಲ ಕಂಡದ್ದೂ ಮುಂಬಯಿಯಲ್ಲೇ. 2019ರ ಪ್ರಕರಣದಲ್ಲಿ ವಿಲೀನಕ್ಕೆ 2022ರ ಜನವರಿಯವರೆಗೆ ಕಾಯಬೇಕಾಯಿತು. ದೊಡ್ಡ ಠೇವಣಿಗಳ ಬಾಕಿಗೆ 10 ವರ್ಷಗಳವರೆಗಿನ ಕಂತು ನಿಗದಿಯಾಯಿತು. 2025ರ ಫೆಬ್ರವರಿಯಲ್ಲಿ ನಿರ್ಬಂಧಕ್ಕೊಳಗಾದ ನ್ಯೂ ಇಂಡಿಯಾ ಸಹಕಾರಿ ಬ್ಯಾಂಕಿನ ಆಡಳಿತ ಮಂಡಳಿ ಮರುದಿನವೇ ರದ್ದಾಯಿತು. ಆಗಸ್ಟ್‌ನಲ್ಲಿ ಅದು ಸಾರಸ್ವತ ಬ್ಯಾಂಕಿನಲ್ಲಿ ವಿಲೀನವಾಯಿತು. ಹೊಣೆ ಯಾರದು, ಎಷ್ಟು ದಿನದೊಳಗೆ, ಹಣ ಎಲ್ಲಿಂದ ಎಂಬುದು ಮೊದಲೇ ಬರಹದಲ್ಲಿದ್ದರೆ ನಿಯಮ ಕೆಲಸ ಮಾಡುತ್ತದೆ.

ಆದರೆ ಬೇಲಿಯ ಹೊರಗಿರುವುದನ್ನೂ ತಿಳಿದಿರಬೇಕು. ಕ್ರೆಡಿಟ್ ಸೊಸೈಟಿಗಳ ಠೇವಣಿಗೆ ಈ ವಿಮೆ ಇಲ್ಲ. ನಮ್ಮವರೇ ನಡೆಸುವ, ಹೆಚ್ಚು ಬಡ್ಡಿ ಕೊಡುವ ಸೊಸೈಟಿಯಾದರೂ ಅಷ್ಟೆ. ಬ್ಯಾಂಕಿನಲ್ಲಿಯೂ 5 ಲಕ್ಷವೆಂದರೆ ಅಸಲು, ಬಡ್ಡಿ, ಎಲ್ಲ ಶಾಖೆಗಳ ಖಾತೆಗಳು ಸೇರಿದ ಲೆಕ್ಕ. ಸಂಘದ ಕಟ್ಟಡ ನಿಧಿ, ವಿದ್ಯಾರ್ಥಿವೇತನ ನಿಧಿಗಳು ಒಂದೇ ಬ್ಯಾಂಕಿನಲ್ಲಿ ಸಂಘದ ಹೆಸರಿನಲ್ಲಿದ್ದರೆ ಎರಡಕ್ಕೂ ಸೇರಿ ಅಷ್ಟೇ ರಕ್ಷಣೆ.

ಮುಂದಿನ ಮಹಾಸಭೆಯಲ್ಲಿ ಕೋಶಾಧಿಕಾರಿಗಳು ಲೆಕ್ಕಪತ್ರ ಮಂಡಿಸುವಾಗ, ಯಾವ ನಿಧಿ ಎಲ್ಲಿದೆ, ಅದಕ್ಕೆ ವಿಮೆ ಇದೆಯೇ ಎಂದು ಸದಸ್ಯರು ಕೇಳಲಿ. ಅದು ಅವಿಶ್ವಾಸವಲ್ಲ, ಸದಸ್ಯರ ಕರ್ತವ್ಯ.