ನಾಯಕನ ಬೆನ್ನ ಹಿಂದೆ ಯಾರಿದ್ದಾರೆ?

ಬೇಸಿಗೆಯಲ್ಲಿ ಹೇಮಾವತಿಯ ಹಿನ್ನೀರು ಇಳಿದಾಗ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಹಳೆಯ ಚರ್ಚು ಬುಡದವರೆಗೂ ಕಾಣಿಸಿಕೊಳ್ಳುತ್ತದೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಕಟ್ಟಡ ಇದು. ಗೊರೂರಿನ ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ನೀರಿನಲ್ಲಿ, ಬೇಸಿಗೆಯಲ್ಲಿ ನೆಲದ ಮೇಲೆ! ಭಾನುವಾರ ಬಂತೆಂದರೆ ಅಲ್ಲಿ ಸುತ್ತಲ ಊರುಗಳ ಹುಡುಗರ ಹಿಂಡು. ಬೈಕು ನಿಲ್ಲಿಸಿ, ಮುರಿದ ಕಮಾನಿನ ಕೆಳಗೆ ಒಬ್ಬೊಬ್ಬರಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಮುಖಗಳು ಬೇರೆ ಬೇರೆ, ಭಂಗಿ ಮಾತ್ರ ಒಂದೇ. ಎದೆ ಮುಂದೆ, ಹುಬ್ಬು ಗಂಟು, ಕೈ ಗಡ್ಡದ ಮೇಲೆ. ಅಪ್ಪಿತಪ್ಪಿ ನಗು ಬಂದರೆ ಫೋಟೊ ಕೆಟ್ಟಿತೆಂದು ಇನ್ನೊಮ್ಮೆ ತೆಗೆಸುವವರೂ ಉಂಟು. ಈ ಭಂಗಿಯ ಮೂಲ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. 'ಕೆ.ಜಿ.ಎಫ್.' ಚಿತ್ರಗಳ (2018, 2022) ನಾಯಕ ಯಶ್ ಹುಟ್ಟಿದ್ದು ಇದೇ ಜಿಲ್ಲೆಯಲ್ಲಿ.

ಹೀಗೆ ನಿಂತವನ ತಮ್ಮ ಅದೇ ಹೊತ್ತಿಗೆ ಮನೆಯಲ್ಲಿ ಟಿ.ವಿ. ಮುಂದೆ ಕೂತು ನೋಡುತ್ತಿರುವುದು ಜಪಾನಿನ 'ಡೋರೆಮಾನ್'. ಅಲ್ಲಿಯ ಹುಡುಗ ನೊಬಿತಾ ಕನ್ನಡಕಧಾರಿ. ಪರೀಕ್ಷೆಯಲ್ಲಿ ಸೊನ್ನೆ, ಆಟದಲ್ಲಿ ಸೋಲು, ಜಿಯಾನ್ ಎಂಬ ಧಡೂತಿ ಹುಡುಗ ಗುದ್ದಿದರೆ ಅಳುತ್ತಾ ಮನೆಗೆ ಓಟ. ಸಂಜೆ ಮನೆಗೆ ಬಂದ ಅಣ್ಣ "ಥೂ, ಹೆಣ್ ಹುಡುಗಿ ಥರ ಅಳ್ತಾನಲ್ಲೋ ಇವ್ನು" ಎಂದು ಚಾನೆಲ್ ಬದಲಿಸುತ್ತಾನೆ. ತಮ್ಮ ಅಳಲು ಶುರು ಮಾಡುತ್ತಾನೆ. "ಗಂಡ್ ಮಗ ಅಳಬಾರ್ದು ಕಣಪ್ಪ" ಎಂದು ಅಜ್ಜಿ ಸಮಾಧಾನ ಹೇಳುತ್ತಾಳೆ.

ಒಂದೇ ಮನೆಯ ಒಂದೇ ಪರದೆಯ ಮೇಲೆ ಎರಡು ಬಗೆಯ ಗಂಡಸು! ಪಾಶ್ಚಾತ್ಯರ ನಾಯಕ ಕಲ್ಲಿನಂಥವನು, ಜಪಾನಿನ ನಾಯಕ ಮೆದು ಮನಸ್ಸಿನವನು ಎಂದು ಸಾಮಾನ್ಯವಾಗಿ ಹೇಳುವುದುಂಟು. ಆದರೆ ತೋಳಿನ ಸುತ್ತಳತೆ, ಕಣ್ಣೀರಿನ ಪ್ರಮಾಣ ಇವು ಹೊರಗಿನ ಲಕ್ಷಣಗಳು. ನಾಯಕನ ಬೆನ್ನ ಹಿಂದೆ ಯಾರು ನಿಂತಿದ್ದಾರೆ, ಆತ ಯಾರಿಗೆ ಉತ್ತರ ಹೇಳಬೇಕು ಎಂದು ನೋಡಿದರೆ ನಿಜವಾದ ವ್ಯತ್ಯಾಸ ತಿಳಿಯುತ್ತದೆ.

1938ರಲ್ಲಿ ಅಮೆರಿಕದ ಚಿತ್ರಕಥಾ ಪತ್ರಿಕೆಯಲ್ಲಿ ಹುಟ್ಟಿದ ಸೂಪರ್‌ಮ್ಯಾನ್ ಹೆತ್ತವರನ್ನಷ್ಟೇ ಅಲ್ಲ, ಹುಟ್ಟಿದ ಗ್ರಹವನ್ನೇ ಕಳೆದುಕೊಂಡವನು. ಮರುವರ್ಷ ಬಂದ ಬ್ಯಾಟ್‌ಮ್ಯಾನ್‌ನ ತಂದೆತಾಯಿ ಅವನ ಕಣ್ಣೆದುರೇ ಕೊಲೆಯಾದವರು. ಜೇಮ್ಸ್ ಬಾಂಡ್‌ಗೆ ಹನ್ನೊಂದನೆಯ ವಯಸ್ಸಿಗೇ ಹೆತ್ತವರಿಲ್ಲ. ಹಾಲಿವುಡ್ಡಿನ ಕುದುರೆ ಸವಾರ ಎಲ್ಲಿಂದಲೋ ಒಬ್ಬನೇ ಬರುತ್ತಾನೆ, ಕೆಟ್ಟವರನ್ನು ಮುಗಿಸಿ ಒಬ್ಬನೇ ಹೊರಟುಹೋಗುತ್ತಾನೆ. ಇವರಲ್ಲಿ ಯಾರನ್ನೂ "ಕತ್ತಲಾಯ್ತು, ಊಟಕ್ಕೆ ಬಾರೋ" ಎಂದು ಕರೆಯುವವರಿಲ್ಲ. ಒಂಟಿತನವೇ ಅವರ ಪೌರುಷದ ಗುರುತು.

ರ‍್ಯಾಂಬೊ ಕೂಡ ಮೊದಲ ಚಿತ್ರದ (1982) ಕೊನೆಯಲ್ಲಿ ಸತ್ತ ಗೆಳೆಯನನ್ನು ನೆನೆದು ತನ್ನ ಹಳೆಯ ಅಧಿಕಾರಿಯ ಮುಂದೆ ಬಿಕ್ಕಿಬಿಕ್ಕಿ ಅಳುತ್ತಾನೆ ಎಂಬುದು ಎಷ್ಟೋ ಜನರಿಗೆ ಮರೆತೇ ಹೋಗಿದೆ. 1985ರ ಎರಡನೆಯ ಚಿತ್ರ ಬಂದಾಗ ಆ ಅಳು ಹಿಂದೆ ಸರಿಯಿತು, ಮಷಿನ್‌ಗನ್ ಮುಂದೆ ಬಂತು. ಗೋಡೆಗೆ ಅಂಟಿದ ಪೋಸ್ಟರುಗಳಲ್ಲಿ ಉಳಿದದ್ದೂ ಈ ಎರಡನೆಯ ರ‍್ಯಾಂಬೊನೇ.

ಅಳು ಗಂಡಸಿಗೆ ಸಲ್ಲದು ಎಂಬುದು ಪ್ರಕೃತಿಯ ನಿಯಮವಲ್ಲ. ಕಣ್ಣೀರಿನ ಗ್ರಂಥಿ ಹುಡುಗನಿಗೂ ಇದೆ, ಹುಡುಗಿಗೂ ಇದೆ. ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಭಾವನೆಗಳ ಅಭಿವ್ಯಕ್ತಿಯ ಬಗ್ಗೆ ಬರೆದ ಗ್ರಂಥದಲ್ಲಿ, ಇಂಗ್ಲಿಷ್ ಗಂಡಸರು ಅತಿ ದುಃಖದಲ್ಲಿ ಬಿಟ್ಟರೆ ಅಳುವುದೇ ಅಪರೂಪ, ಯುರೋಪಿನ ಬೇರೆ ಕೆಲವು ಭಾಗಗಳ ಗಂಡಸರು ಸಲೀಸಾಗಿ ಕಣ್ಣೀರು ಸುರಿಸುತ್ತಾರೆ ಎಂದು ಗುರುತಿಸಿದ್ದ. ಅಂದರೆ ಇದು ಊರೂರಿನ ರೂಢಿ. ಕನ್ನಡದ ಮಾತನ್ನೇ ತೆಗೆದುಕೊಳ್ಳಿ. ಸಾವಿರ ವರ್ಷದ ಹಿಂದೆ ರನ್ನ ತನ್ನ 'ಗದಾಯುದ್ಧ'ದಲ್ಲಿ ದುರ್ಯೋಧನನನ್ನು ರಣರಂಗದ ಹೆಣಗಳ ನಡುವೆ ನಡೆಸುತ್ತಾನೆ. ದ್ರೋಣ, ದುಶ್ಶಾಸನ, ಕರ್ಣರ ಕಳೇಬರಗಳ ಮುಂದೆ ಆ ಛಲಗಾರ ಗೋಳಾಡುತ್ತಾನೆ. ಓದಿದವರಾರೂ ಅವನನ್ನು ಅಳುಬುರುಕನೆಂದು ಕರೆದಿಲ್ಲ.

ಇನ್ನು ಜಪಾನ್. ನೊಬಿತಾನ ಮನೆಯಲ್ಲಿ ಅಂಕಪಟ್ಟಿ ನೋಡಿ ಗದರುವ ತಾಯಿ ಇದ್ದಾಳೆ. ಅವನು ದೊಡ್ಡವನಾಗಿ ಶಿಜುಕಾಳನ್ನು ಮದುವೆಯಾಗುವ ಹಿಂದಿನ ರಾತ್ರಿಯ ಕಥೆಯೊಂದಿದೆ. 2014ರ 'ಸ್ಟ್ಯಾಂಡ್ ಬೈ ಮಿ ಡೋರೆಮಾನ್' ಚಿತ್ರದಲ್ಲೂ ಅದು ಬರುತ್ತದೆ. ಅಳುಕುತ್ತಿರುವ ಮಗಳಿಗೆ ತಂದೆ ಧೈರ್ಯ ಹೇಳುತ್ತಾನೆ: ಬೇರೆಯವರ ಸುಖವನ್ನು ಬಯಸುವ, ಬೇರೆಯವರ ನೋವಿಗೆ ಮರುಗುವ ಹುಡುಗ ಅವನು, ನಿನ್ನ ಆಯ್ಕೆ ಸರಿಯಾಗಿದೆ ಎಂಬರ್ಥದ ಮಾತು. ಎಷ್ಟು ಎಕರೆ, ಯಾವ ಕೆಲಸ, ಎಷ್ಟು ಸಂಬಳ ಎಂಬ ಪ್ರಶ್ನೆಯೇ ಇಲ್ಲ!

ದೊಡ್ಡವರಿಗೆ ತೋರಾ-ಸಾನ್ ಇದ್ದ. 1969ರಿಂದ 1995ರವರೆಗೆ ಅತ್ಸುಮಿ ಕಿಯೋಶಿ ಎಂಬ ನಟ 48 ಚಿತ್ರಗಳಲ್ಲಿ ಇದೊಂದೇ ಪಾತ್ರ ಮಾಡಿದ. ಚಿತ್ರಮಾಲೆಯ ಹೆಸರನ್ನು ಕನ್ನಡಕ್ಕೆ ತಂದರೆ 'ಗಂಡಸಾಗಿರೋದು ಕಷ್ಟ ಕಣ್ರೀ' ಎಂದಾಗುತ್ತದೆ. ಸೂಟ್‌ಕೇಸ್ ಹಿಡಿದು ಊರೂರು ತಿರುಗುವ ಈ ಜಾತ್ರೆ ವ್ಯಾಪಾರಿ ಚಿತ್ರಕ್ಕೊಬ್ಬಳಂತೆ ಪ್ರೀತಿಸುತ್ತಾನೆ, ಒಬ್ಬಳೂ ದಕ್ಕುವುದಿಲ್ಲ. ಪ್ರತಿ ಸಲವೂ ಟೋಕಿಯೋದ ಶಿಬಮಾತದಲ್ಲಿರುವ ಚಿಕ್ಕಪ್ಪನ ತಿಂಡಿ ಅಂಗಡಿಗೆ, ತಂಗಿ ಸಕುರಾಳ ಬಳಿಗೆ ಮರಳುತ್ತಾನೆ. ಸೋತು ಮನೆಗೆ ಬರುವ ಗಂಡಸನ್ನು ಒಂದು ದೇಶ ಕಾಲು ಶತಮಾನ ದುಡ್ಡು ಕೊಟ್ಟು ನೋಡಿತು.

ಹಾಗೆಂದು ಜಪಾನನ್ನು ಹೊಗಳಿ ಮುಗಿಸುವಂತಿಲ್ಲ. ಕಂಪನಿಗಾಗಿ ಹಗಲಿರುಳು ದುಡಿದು, ಬಾಯಿ ಬಿಡದೆ ಸಹಿಸುವವನೇ ಗಂಡಸು ಎಂಬ ನಂಬಿಕೆಯೂ ಅಲ್ಲಿಯದೇ. ದುಡಿದು ದುಡಿದೇ ಸಾಯುವುದಕ್ಕೆ 'ಕರೋಶಿ' ಎಂಬ ಪದವನ್ನೇ ಆ ಭಾಷೆ ಕಟ್ಟಿಕೊಳ್ಳಬೇಕಾಯಿತು.

ಒಂದೇ ಕಥೆ ದೇಶ ದೇಶ ಸುತ್ತಿದಾಗ ಗಂಡಸಿನ ಕಲ್ಪನೆ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಒಳ್ಳೆಯ ಉದಾಹರಣೆ ಅಕಿರಾ ಕುರೊಸಾವಾರ 'ಸೆವೆನ್ ಸಮುರಾಯ್' (1954). ದರೋಡೆಕೋರರ ಕಾಟದಿಂದ ಬೇಸತ್ತ ರೈತರು ಕತ್ತಿವೀರರನ್ನು ಹುಡುಕಿಕೊಂಡು ಹೋಗುತ್ತಾರೆ. ಕೊಡಲು ಅವರ ಬಳಿ ಇರುವುದು ಅನ್ನ ಮಾತ್ರ. ತಾವು ಕಿರುಧಾನ್ಯ ತಿಂದುಕೊಂಡು ವೀರರಿಗೆ ಅಕ್ಕಿ ಬೇಯಿಸಿ ಹಾಕುತ್ತಾರೆ. ಮುಖ್ಯ ವೀರ ಕಾಂಬೆಯ ಮೊದಲ ದೃಶ್ಯವೇ ವಿಚಿತ್ರ. ಕಳ್ಳನ ಕೈಗೆ ಸಿಕ್ಕ ಮಗುವನ್ನು ಬಿಡಿಸಲು ಸನ್ಯಾಸಿಯ ವೇಷ ಹಾಕಬೇಕು. ಅದಕ್ಕಾಗಿ ಆತ ತನ್ನ ಜುಟ್ಟನ್ನೇ ಬೋಳಿಸಿಕೊಳ್ಳುತ್ತಾನೆ. ಸಮುರಾಯ್‌ಗೆ ಜುಟ್ಟೆಂದರೆ ಮಾನ. ಗಡ್ಡ ನೀವಿಕೊಳ್ಳುವ ನಾಯಕರ ಕಾಲದಲ್ಲಿ ಈ ದೃಶ್ಯವನ್ನು ಹುಡುಗರಿಗೆ ಒಮ್ಮೆ ತೋರಿಸಬೇಕು. ಕೊನೆಗೆ ಏಳರಲ್ಲಿ ಮೂವರು ಉಳಿಯುತ್ತಾರೆ. ರೈತರು ಹಾಡುತ್ತಾ ನಾಟಿ ಮಾಡುತ್ತಿದ್ದರೆ ವೀರರು ಗೋರಿಗಳ ಬಳಿ ನಿಂತು, ಗೆದ್ದವರು ಅವರು, ನಾವಲ್ಲ ಎಂದುಕೊಳ್ಳುತ್ತಾರೆ.

ಹಾಲಿವುಡ್ ಇದನ್ನು 'ದಿ ಮ್ಯಾಗ್ನಿಫಿಸೆಂಟ್ ಸೆವೆನ್' (1960) ಮಾಡಿತು. ಅನ್ನದ ಬದಲು ತಲೆಗೆ 20 ಡಾಲರ್, ಕತ್ತಿಯ ಬದಲು ಪಿಸ್ತೂಲು. ಆದರೂ ಅಲ್ಲೊಂದು ದೃಶ್ಯವಿದೆ. ತಮ್ಮ ಅಪ್ಪಂದಿರು ಹೇಡಿಗಳು ಎಂದ ಹಳ್ಳಿಯ ಹುಡುಗನಿಗೆ ಬಂದೂಕುಧಾರಿಯೊಬ್ಬ ಎರಡು ಬಿಗಿದು, ಬಂದೂಕು ಹೊರುವುದು ದೊಡ್ಡದಲ್ಲ, ಹೆಂಡತಿ ಮಕ್ಕಳ ಜವಾಬ್ದಾರಿ ಹೊರುವುದು ದೊಡ್ಡದು ಎಂದು ಬುದ್ಧಿ ಹೇಳುತ್ತಾನೆ. ಅಲ್ಲಿಂದ ಈ ಕಥೆಯ ಎಳೆ ಬಂದು ಸೇರಿದ್ದು ನಮ್ಮ ರಾಮನಗರದ ಬಂಡೆಗಳ ನಡುವೆ! ಅಲ್ಲಿ ಚಿತ್ರೀಕರಣವಾದ 'ಶೋಲೆ' (1975) ಬರುವಷ್ಟರಲ್ಲಿ ಏಳು ಜನ ಇಬ್ಬರಾದರು, ಊರಿನ ರಕ್ಷಣೆ ಒಬ್ಬ ಠಾಕೂರನ ಸೇಡಾಯಿತು. ರೈತರು ದೂರ ನಿಂತು ನೋಡುವವರಾದರು.

ಆ ರೈತನನ್ನು ಕನ್ನಡ ಸಿನಿಮಾ ಅದಕ್ಕೂ ಮೂರು ವರ್ಷ ಮೊದಲೇ ನಾಯಕನನ್ನಾಗಿ ಮಾಡಿತ್ತು. ರಾಜಕುಮಾರ್ 1968ರ 'ಜೇಡರ ಬಲೆ'ಯಲ್ಲಿ ಸಿ.ಐ.ಡಿ. 999 ಆಗಿ ಬಾಂಡ್‌ನ ಕೋಟು ತೊಟ್ಟು ನೋಡಿದ್ದರು. ಜನ ಮೆಚ್ಚಿದರು ಕೂಡ. ಆದರೆ ಮನೆಮನೆಯೊಳಗೆ ಬಂದದ್ದು 1972ರ 'ಬಂಗಾರದ ಮನುಷ್ಯ'ದ ರಾಜೀವ. ವಿಧವೆ ಅಕ್ಕನ ಸಂಸಾರಕ್ಕೆ ಆಸರೆಯಾಗಿ, ಬರಡು ನೆಲ ಹಸನು ಮಾಡಿ, ಕೊನೆಗೆ ಅಕ್ಕನ ಮಗನೇ ಆಡಿದ ಚುಚ್ಚುಮಾತಿಗೆ ಎದುರಾಡದೆ ಎಲ್ಲವನ್ನೂ ಬಿಟ್ಟು ನಡೆದುಬಿಡುವ ಮನುಷ್ಯ. ಅದೇ ವರ್ಷದ ಕೊನೆಗೆ ಪುಟ್ಟಣ್ಣ ಕಣಗಾಲರ 'ನಾಗರಹಾವು' ಬಂತು. ವಿಷ್ಣುವರ್ಧನರ ರಾಮಾಚಾರಿ ಸಿಡಿಮಿಡಿಯ ಹುಡುಗ, ರಾಜೀವನ ತಾಳ್ಮೆ ಅವನಲ್ಲಿ ಎಳ್ಳಷ್ಟೂ ಇಲ್ಲ. ಅವನ ಬೆನ್ನ ಹಿಂದೆಯೂ ಚಾಮಯ್ಯ ಮೇಷ್ಟರಿದ್ದರು; ಊರಿಗೆಲ್ಲ ಹೆಡೆ ಎತ್ತುವವನು ಅವರ ಮುಂದೆ ತಲೆ ತಗ್ಗಿಸುತ್ತಿದ್ದ.

'ಕೆ.ಜಿ.ಎಫ್.'ನ ರಾಕಿಯೂ ಅನಾಥ ಬಾಂಡ್ ಅಲ್ಲ. ತಾಯಿಗೆ ಕೊಟ್ಟ ಮಾತೇ ಅವನ ಇಡೀ ಓಟಕ್ಕೆ ಕಾರಣ. ಇದು ಅಪ್ಪಟ ಕನ್ನಡದ ಗುಣ. ಆದರೆ ಒಂದು ಬದಲಾವಣೆಯಿದೆ. ಹಿಂದೆ ಬೆನ್ನ ಹಿಂದೆ ನಿಂತವರು ಕೈ ಹಿಡಿದು ತಡೆಯುತ್ತಿದ್ದರು. ಈ ತಾಯಿ ಬಡವನಾಗಿ ಸಾಯಬೇಡ ಎಂದು ಕೇಳಿಕೊಳ್ಳುತ್ತಾಳೆ, ಮಗ ಅದನ್ನೇ ಅಪ್ಪಣೆಯಾಗಿ ತೆಗೆದುಕೊಳ್ಳುತ್ತಾನೆ. 'ದೊಡ್ಡಮ್ಮ' ಎಂಬ ಹೆಸರಿನ ಮಷಿನ್‌ಗನ್ನಿನ ಕಾದ ಕೊಳವೆಯಲ್ಲಿ ಅವನು ಸಿಗರೇಟು ಹೊತ್ತಿಸುವಾಗ ಕಾಣುವುದು ಎರಡನೆಯ ರ‍್ಯಾಂಬೊ. ಚರ್ಚಿನ ಬಳಿಯ ಹುಡುಗರು ಅನುಕರಿಸುವುದೂ ಅಷ್ಟನ್ನೇ.

ಇದನ್ನು ಹುಡುಗಾಟವೆಂದು ಬಿಟ್ಟುಬಿಡಬಹುದಿತ್ತು. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ 1.70 ಲಕ್ಷ ಜನರಲ್ಲಿ ಶೇ 70ಕ್ಕೂ ಹೆಚ್ಚು ಗಂಡಸರು. ಜಪಾನಿನಲ್ಲೂ ಗಂಡಸರ ಸಂಖ್ಯೆ ಹೆಂಗಸರ ಸುಮಾರು ಎರಡರಷ್ಟು. ಸಾಲ, ಕಾಯಿಲೆ, ಕುಡಿತ, ಮನೆಯ ಜಗಳ, ಹೀಗೆ ಕಾರಣಗಳು ನೂರು. ಸಿನಿಮಾವೇ ಕಾರಣ ಎನ್ನುವುದು ಅವಿವೇಕ. ಆದರೆ ಕಷ್ಟ ಬಂದಾಗ ಒಬ್ಬರ ಹತ್ತಿರ ಕೂತು ಹೇಳಿಕೊಳ್ಳುವ ರೂಢಿ ಹುಡುಗನಿಗೆ ಯಾವ ವಯಸ್ಸಿನಲ್ಲಿ ತಪ್ಪಿಹೋಯಿತು ಎಂದು ತಂದೆತಾಯಂದಿರು ಹಿಂತಿರುಗಿ ನೋಡಬೇಕು. ಸೊನ್ನೆ ಬಂದ ಉತ್ತರ ಪತ್ರಿಕೆಯನ್ನು ನೊಬಿತಾ ಬಚ್ಚಿಡುತ್ತಾನೆ, ಸಿಕ್ಕಿಬೀಳುತ್ತಾನೆ, ಬೈಸಿಕೊಳ್ಳುತ್ತಾನೆ, ಅತ್ತು ಮುಗಿಸಿ ಊಟಕ್ಕೆ ಕೂರುತ್ತಾನೆ. ಬಚ್ಚಿಟ್ಟದ್ದು ಬಚ್ಚಿಟ್ಟಂತೆಯೇ ಉಳಿಯುವ ಮನೆಗಳೂ ಇವೆ.

ಶೆಟ್ಟಿಹಳ್ಳಿಯ ಹಿನ್ನೀರಿನ ಬಳಿ ಸಂಜೆ ಐದಾಗುವ ಹೊತ್ತಿಗೆ ಫೋನುಗಳು ಒಂದೊಂದಾಗಿ ಬಡಿದುಕೊಳ್ಳುತ್ತವೆ. ಹಸು ಕರೆಯಬೇಕು, ಡೇರಿಗೆ ಹಾಲು ಹಾಕಬೇಕು, ಎಲ್ಲಿ ಸತ್ತೆಯೋ ಎಂದು ಆ ಕಡೆಯಿಂದ ಅಮ್ಮ. "ಬಂದೆ ಕಣಮ್ಮ, ಐದೇ ನಿಮಿಷ" ಎನ್ನುತ್ತಾ ಗಡ್ಡದ ಮೇಲಿನ ಕೈ ಜೇಬಿಗಿಳಿದು ಬೈಕಿನ ಕೀ ಹುಡುಕತೊಡಗುತ್ತದೆ.