ನೋವಿಲ್ಲದ ಗಂಟೆಂದು ಸುಮ್ಮನಿರಬೇಡಿ

ಸ್ತನದಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತೆನ್ನಿ. ನೋವಿಲ್ಲ. "ಕಾಫಿ ಕುಯ್ಲು ಮುಗೀಲಿ, ಆಮೇಲೆ ನೋಡಿದ್ರಾಯ್ತು" ಅಂತ ಸುಮ್ಮನಾಗುತ್ತೀರಾ? ಬೇಡಿ. ಕ್ಯಾನ್ಸರಿನ ಗಂಟು ಮೊದಮೊದಲು ಸಾಮಾನ್ಯವಾಗಿ ನೋಯುವುದೇ ಇಲ್ಲ. ಅದರ ಮೋಸ ಇರುವುದೇ ಅಲ್ಲಿ.

ಹಾಗೆಂದು ಗಾಬರಿಯಾಗಬೇಕಿಲ್ಲ, ಹೆಚ್ಚಿನ ಗಂಟುಗಳು ನಿರಪಾಯಕಾರಿ. ಯಾವುದು ಎಂಥದು ಎಂದು ತಿಳಿಯಲು ಬಸುರಿಯರಿಗೆ ಮಾಡುವ ಸ್ಕ್ಯಾನಿಂಗೇ ನೆರವಾಗುತ್ತದೆ. ಯಸಳೂರಿನ ಗುಡ್ಡದ ಮೇಲೆ ನಿಂತು ಕೂಗಿದರೆ ಎದುರು ಗುಡ್ಡ ಮರುದನಿ ಕೊಡುತ್ತದಲ್ಲವೇ? ಹಾಗೆಯೇ, ಕಿವಿಗೆ ಕೇಳದ ಶಬ್ದದ ಅಲೆ ಒಳಗೆ ಹೋಗಿ ಮರಳಿ ಬಂದು ಪರದೆಯ ಮೇಲೆ ಚಿತ್ರವಾಗುತ್ತದೆ. ನೀರುಗುಳ್ಳೆ ಯಾವುದು, ಗಟ್ಟಿ ಗಂಟು ಯಾವುದು ಎಂದು ವೈದ್ಯರು ಗುರುತಿಸುತ್ತಾರೆ. ಇದರಲ್ಲಿ ಎಕ್ಸ್-ರೇ ಇಲ್ಲ. ಮ್ಯಾಮೊಗ್ರಾಂ ಎಂಬ ಎಕ್ಸ್-ರೇ ಚಿತ್ರದಲ್ಲಿ ದಟ್ಟವಾದ ಸ್ತನವೂ ಬಿಳಿ, ಗಂಟೂ ಬಿಳಿ. ಕಿರಿಯ ವಯಸ್ಸಿನವರಲ್ಲಿ ಗಂಟು ಮರೆಯಾಗಿಬಿಡಬಹುದು. ಆದರೆ ಸುಣ್ಣದ ಸಣ್ಣ ಚುಕ್ಕೆಗಳನ್ನು ಹಿಡಿಯಲು ಮ್ಯಾಮೊಗ್ರಾಮೇ ಮೇಲು. ಒಂದು ಇನ್ನೊಂದಕ್ಕೆ ಬದಲಿಯಲ್ಲ.

ಅಮೆರಿಕದ ಎಂ.ಐ.ಟಿ.ಯಲ್ಲಿ ಜನಾನ್ ದಾದೆವಿರೆನ್ ಎಂಬ ವಿಜ್ಞಾನಿ 2023ರಲ್ಲಿ ಒಳಉಡುಪಿಗೆ ಅಂಟಿಸುವ, ಜೇನುಗೂಡಿನಾಕಾರದ ಸ್ಕ್ಯಾನಿಂಗ್ ಪಟ್ಟಿಯೊಂದನ್ನು ತೋರಿಸಿದರು. 71 ವರ್ಷದ ಮಹಿಳೆಯೊಬ್ಬರಲ್ಲಿ ಅದು 0.3 ಸೆಂಟಿಮೀಟರಿನಷ್ಟು ಸಣ್ಣ ಗುಳ್ಳೆಯನ್ನೂ ಪತ್ತೆ ಮಾಡಿತು. ತಪ್ಪದೆ ತಪಾಸಣೆ ಮಾಡಿಸುತ್ತಿದ್ದ ಅವರ ಚಿಕ್ಕಮ್ಮ 49ನೇ ವಯಸ್ಸಿನಲ್ಲಿ ಇದೇ ರೋಗಕ್ಕೆ ತುತ್ತಾದದ್ದೇ ಈ ಹಂಬಲಕ್ಕೆ ಮೂಲ.

ಅಂಥದ್ದು ನಮ್ಮೂರಿಗೆ ಬರಲೆಂದು ಕಾಯಬೇಡಿ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾನೂನಿನಿಂದಾಗಿ ಸ್ಕ್ಯಾನಿಂಗ್ ಯಂತ್ರವನ್ನು ನೋಂದಣಿಯಿಲ್ಲದೆ ಊರೂರಿಗೆ ಹೊತ್ತು ತಿರುಗುವಂತೆಯೂ ಇಲ್ಲ. ಕಾನೂನು ಹೆಣ್ಣುಕೂಸಿನ ಕಾವಲಿಗಿದೆ, ಇರಲಿ; ನಾವೇ ಹೊರಟರಾಯಿತು.

ತಿಂಗಳಿಗೊಮ್ಮೆ, ಮುಟ್ಟು ನಿಂತ ಮೇಲೆ, ಸ್ನಾನದ ಹೊತ್ತಿನಲ್ಲಿ ಎರಡೂ ಸ್ತನ, ಕಂಕುಳು ಮುಟ್ಟಿ ನೋಡಿಕೊಳ್ಳಿ. ಗಂಟು, ಚರ್ಮದಲ್ಲಿ ಕುಳಿ, ಒಳಸೇರಿದ ತೊಟ್ಟು, ರಕ್ತದ ಸ್ರಾವ, ಇವುಗಳಲ್ಲಿ ಯಾವುದು ಕಂಡರೂ ಆ ವಾರವೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಸಂಕೋಚವಾದರೆ ಲೇಡಿ ಡಾಕ್ಟರನ್ನೇ ಕೇಳಿ. ಅಗತ್ಯ ಬಿದ್ದರೆ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ, 1973ರಿಂದ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯಿದೆ. ಕ್ಯಾನ್ಸರೋ ಅಲ್ಲವೋ ಎಂದು ಕೊನೆಗೆ ಹೇಳುವುದು ಸೂಜಿಯಿಂದ ತೆಗೆದ ಚೂರಿನ ಪರೀಕ್ಷೆ, ಅದಕ್ಕೂ ಹೆದರಬೇಡಿ.

ಬೇಗ ಸಿಕ್ಕಿದರೆ ಬಹುಮಟ್ಟಿಗೆ ಗುಣವಾಗುವ ಕಾಯಿಲೆ ಇದು. ತೋಟದ ಕೆಲಸ ನಾಲ್ಕು ದಿನ ಕಾದೀತು, ಗಂಟು ಕಾಯುವುದಿಲ್ಲ.