ದೇವರ ನಾಯಿ ಮತ್ತು ಪಾದ್ರಿಗಳ ನಿಘಂಟು

1691ನೇ ಇಸವಿ. ಬಾಲ್ಟಿಕ್ ಕಡಲಿನ ದಂಡೆಯ ಲಿವೋನಿಯಾ ಪ್ರಾಂತ್ಯದಲ್ಲಿದ್ದ, ಈಗ ಲಾಟ್ವಿಯಾಕ್ಕೆ ಸೇರಿದ ಯೂರ್ಗೆನ್ಸ್‌ಬುರ್ಗ್ ಎಂಬ ಊರಿನಲ್ಲಿ ಒಂದು ಕಳ್ಳತನದ ವಿಚಾರಣೆ ನಡೆದಿತ್ತು. ಚರ್ಚಿನಲ್ಲಿ ಕಳವಾಗಿತ್ತು. ಸಾಕ್ಷಿ ಹೇಳಲು ಥೀಸ್ ಎಂಬ ಮುದುಕನನ್ನೂ ಕರೆಸಿದ್ದರು. ವಯಸ್ಸು ಎಂಬತ್ತರ ಆಸುಪಾಸು. ಅವನು ಪ್ರಮಾಣ ಮಾಡಬೇಕು ಎಂದಾಗ ಇನ್ನೊಬ್ಬ ಸಾಕ್ಷಿ ಮುಗುಳ್ನಕ್ಕ. ಏಕೆ ನಗುತ್ತೀ ಎಂದು ಕೇಳಿದರೆ, ಈ ಮುದುಕ ತೋಳವಾಗಿ ತಿರುಗುತ್ತಿದ್ದವನೆಂದು ಊರಿಗೆಲ್ಲ ಗೊತ್ತು, ಇಂಥವನಿಂದ ದೇವರ ಮೇಲೆ ಆಣೆ ಮಾಡಿಸುವುದು ಹೇಗೆ ಎಂದ.

ಹೌದೇನಯ್ಯ ಎಂದು ನ್ಯಾಯಾಧೀಶರು ಥೀಸ್‌ನನ್ನು ಕೇಳಿದರು. ಅವನು ಅಳುಕದೆ ಹೌದು ಎಂದ. ಹಿಂದೆ ಇನ್ನೊಂದು ನ್ಯಾಯಾಲಯದಲ್ಲೂ ಇದನ್ನೇ ಹೇಳಿದ್ದೆ, ಅಲ್ಲಿಯವರು ನಕ್ಕು ಕಳಿಸಿದರು ಎಂದೂ ಸೇರಿಸಿದ. ಇಲ್ಲಿಯವರು ನಗಲಿಲ್ಲ. ಇವನ ಬುದ್ಧಿ ಸ್ವಸ್ಥವಾಗಿದೆಯೇ ಎಂದು ಊರವರನ್ನು ವಿಚಾರಿಸಿದರು. ಅವನ ಬುದ್ಧಿಗೆ ಯಾವತ್ತೂ ಏನೂ ಆಗಿಲ್ಲ ಎಂಬ ಉತ್ತರ ಬಂತು. ಕಳ್ಳತನದ ಮಾತು ಹಿಂದೆ ಸರಿಯಿತು. ವಿಚಾರಣೆ ಮುದುಕನ ಮೇಲೆಯೇ ತಿರುಗಿತು.

ಥೀಸ್ ಹೇಳಿದ ಕಥೆ ಇದು. ವರ್ಷದಲ್ಲಿ ಮೂರು ಹಬ್ಬದ ರಾತ್ರಿಗಳಂದು ಅವನೂ ಅವನ ಸಂಗಡಿಗರೂ ತೋಳಗಳಾಗಿ ನರಕಕ್ಕೆ ಹೋಗುತ್ತಾರೆ. ಮಾಟಗಾರರು ಊರಿನ ಬೀಜ, ಬೆಳೆ, ದನಕರುಗಳ ಸತ್ವವನ್ನು ಕದ್ದು ಅಲ್ಲಿ ಬಚ್ಚಿಟ್ಟಿರುತ್ತಾರೆ. ಅವರೊಡನೆ ಹೊಡೆದಾಡಿ ಅದನ್ನು ಮರಳಿ ತರುವುದೇ ತೋಳಗಳ ಕೆಲಸ. ಅವರು ತಂದರೆ ಆ ವರ್ಷ ಬೆಳೆ, ಇಲ್ಲದಿದ್ದರೆ ಬರ. ತನ್ನ ಮೂಗು ಮುರಿದದ್ದೂ ಅಂಥದೊಂದು ಕಾಳಗದಲ್ಲಿ. ಸ್ಕೈಸ್ಟಾನ್ ಎಂಬ ರೈತ, ಆ ಹೊತ್ತಿಗೆ ತೀರಿಹೋಗಿದ್ದವನು, ಕುದುರೆಯ ಬಾಲ ಸುತ್ತಿದ ಪೊರಕೆಯ ಹಿಡಿಯಿಂದ ಹೊಡೆದಿದ್ದನಂತೆ.

ನ್ಯಾಯಾಧೀಶರಿಗೆ ತೋಳಮಾನವರ ಸುದ್ದಿ ಹೊಸದಲ್ಲ. ಈ ಸೀಮೆಯಲ್ಲಿ ಕ್ರಿಸ್ಮಸ್ ರಾತ್ರಿ ತೋಳಮಾನವರು ಗುಂಪುಗೂಡಿ ಮನೆಗಳಿಗೆ ನುಗ್ಗುತ್ತಾರೆಂದು ಓಲಾಸ್ ಮ್ಯಾಗ್ನಸ್ ಎಂಬ ಸ್ವೀಡಿಷ್ ಧರ್ಮಗುರು 1555ರಲ್ಲೇ ಬರೆದಿದ್ದ. ನ್ಯಾಯಾಧೀಶರನ್ನು ಕಂಗೆಡಿಸಿದ್ದು ಥೀಸ್‌ನ ಮುಂದಿನ ಮಾತು. ಸೈತಾನನೊಡನೆ ಒಪ್ಪಂದ ಮಾಡಿಕೊಂಡಿದ್ದೀಯಲ್ಲ ಎಂದು ಅವರು ಮತ್ತೆ ಮತ್ತೆ ಕೆದಕಿದರು. ಅವನು ಪ್ರತಿಸಲವೂ ಇಲ್ಲವೆಂದ. ಸೈತಾನನಿಗೆ ನಮ್ಮನ್ನು ಕಂಡರಾಗದು, ಮಾಟಗಾರರು ಅವನ ಕಡೆಯವರು, ನಾವು ದೇವರ ನಾಯಿಗಳು ಎಂದ. ಸತ್ತ ಮೇಲೆ ತನ್ನ ಆತ್ಮ ಸ್ವರ್ಗಕ್ಕೇ ಹೋಗುವುದೆಂಬ ಬಗ್ಗೆ ಅವನಿಗೆ ಅನುಮಾನವೇ ಇರಲಿಲ್ಲ. ಪಶ್ಚಾತ್ತಾಪಪಡು ಎಂದು ಬೋಧಿಸಲು ಬಂದ ಪಾದ್ರಿಗೆ, ನೀವಿನ್ನೂ ಚಿಕ್ಕವರು, ಇದೆಲ್ಲ ನಿಮಗಿಂತ ನನಗೆ ಚೆನ್ನಾಗಿ ಗೊತ್ತು ಎಂದುಬಿಟ್ಟ.

1692ರಲ್ಲಿ ತೀರ್ಪು ಬಂತು: ಬಹಿರಂಗವಾಗಿ ಛಡಿಯೇಟು, ಆಮೇಲೆ ಗಡಿಪಾರು. ಅಲ್ಲಿಂದಾಚೆಗೆ ಥೀಸ್ ಚರಿತ್ರೆಯಲ್ಲಿ ಕಾಣುವುದಿಲ್ಲ.

ಯಾರ ಭಾಷೆ, ಯಾರ ಪಾಪ

ಥೀಸ್ ಹೀಗೆ ತಿರುವಿಹಾಕಿದ ಸೈತಾನ, ನರಕ ಎಂಬ ಪದಗಳು ಅವನ ನಾಡಿಗೆ ಎಲ್ಲಿಂದ ಬಂದವು? ಇಂಗ್ಲಿಷ್–ಲಾಟ್ವಿಯನ್ ನಿಘಂಟಿನಲ್ಲಿ ಕೆಡುಕಿನ ಪದಗಳು ಸಾಲಾಗಿ ನಿಂತಿವೆ. ಈವಿಲ್ ಎಂದರೆ ಲ್ಯೌನುಮ್ಸ್, ಸಿನ್ ಎಂದರೆ ಗ್ರೇಕ್ಸ್, ಕ್ರೈಮ್ ಎಂದರೆ ನೊಝಿಯೆಗುಮ್ಸ್, ಡೆವಿಲ್ ಎಂದರೆ ವೆಲ್ನ್ಸ್, ಹೆಲ್ ಎಂದರೆ ಎಲ್ಲೆ. ಒಂದಕ್ಕೊಂದು ಸರಿಸಮ ಎಂಬಂತೆ ಕಾಣುವ ಈ ಪಟ್ಟಿಯ ಪದಗಳು ಒಂದೇ ಕಾಲದಲ್ಲಿ, ಒಂದೇ ದಾರಿಯಲ್ಲಿ ಆ ಭಾಷೆಗೆ ಬಂದವಲ್ಲ. ಲಾಟ್ವಿಯಾವನ್ನು ಯಾರು ಯಾರು ಆಳಿದರು ಎಂಬುದನ್ನು ಇವುಗಳಿಂದಲೇ ಓದಬಹುದು.

ಪಾಪಕ್ಕಿರುವ ಗ್ರೇಕ್ಸ್ ಪೂರ್ವದಿಂದ, ಹಳೆಯ ರಷ್ಯನ್‌ನಿಂದ ಬಂದದ್ದು. ಜರ್ಮನರು ಕಾಲಿಡುವ ಮೊದಲೇ ಆರ್ಥೊಡಾಕ್ಸ್ ಕ್ರೈಸ್ತ ಧರ್ಮದ ಗಾಳಿ ಆ ದಿಕ್ಕಿನಿಂದ ಬೀಸಿತ್ತು. ಚರ್ಚು, ಉಪವಾಸ ಇವುಗಳ ಲಾಟ್ವಿಯನ್ ಹೆಸರುಗಳೂ ಅದೇ ಗಾಳಿಯಲ್ಲಿ ತೇಲಿಬಂದವು. ನರಕದ ಎಲ್ಲೆ ಪಶ್ಚಿಮದ್ದು, ಉತ್ತರ ಜರ್ಮನಿಯ ವರ್ತಕರೂ ಸೈನಿಕರೂ ಆಡುತ್ತಿದ್ದ ಭಾಷೆಯದು. 1201ರಲ್ಲಿ ರೀಗಾ ನಗರವನ್ನು ಕಟ್ಟಿದ ಜರ್ಮನರು ಕತ್ತಿಯ ಜೊತೆಗೆ ಶಿಲುಬೆಯನ್ನೂ ತಂದರು. ಕೆಟ್ಟದ್ದು ಎನ್ನಲು ಇವತ್ತು ದಿನಬಳಕೆಯಲ್ಲಿರುವ ಸ್ಲಿಕ್ಟ್ಸ್ ಎಂಬ ಪದವೂ ಅವರ ಭಾಷೆಯಿಂದಲೇ ಬಂತು. ಪಾಪವನ್ನು ಒಬ್ಬರು ಕೊಟ್ಟರು, ನರಕವನ್ನು ಇನ್ನೊಬ್ಬರು.

ವೆಲ್ನ್ಸ್ ಆದರೋ ಆ ನೆಲದವನೇ. ಪಕ್ಕದ ಲಿಥುವೇನಿಯನ್ ಭಾಷೆಯಲ್ಲಿ ಸತ್ತವರ ಆತ್ಮಗಳಿಗಿರುವ ಹೆಸರಿಗೂ ಇವನಿಗೂ ನಂಟಿದೆ ಎಂದು ಭಾಷಾವಿದರು ಹೇಳುತ್ತಾರೆ. ಕ್ರೈಸ್ತ ಧರ್ಮ ಬರುವ ಮುನ್ನ ಇವನು ಸತ್ತವರ ಲೋಕಕ್ಕೆ ಸಂಬಂಧಿಸಿದ ದೇವತೆ ಆಗಿದ್ದಿರಬೇಕು ಎಂಬ ಊಹೆ ಹುಟ್ಟಿದ್ದು ಇದರಿಂದ. ಹೊಸ ಧರ್ಮ ಬಂದಾಗ ಹಳೆಯ ದೇವತೆಗಳಿಗೆ ಇಂಥ ಗತಿ ಬರುವುದು ಹೊಸತೇನಲ್ಲ. ಲಾಟ್ವಿಯನ್ನರು ದೇವರನ್ನು ಕರೆಯುವುದು ದಿಯೆವ್ಸ್ ಎಂದು. ನಮ್ಮ ‘ದೇವ’ನ ಸೋದರ ಪದ ಅದು. ಅದೇ ಕುಲದ ಪದ ಪ್ರಾಚೀನ ಇರಾನಿನಲ್ಲಿ, ಜರತುಷ್ಟ್ರನ ಧರ್ಮದಲ್ಲಿ, ದುಷ್ಟಶಕ್ತಿಯ ಹೆಸರಾಯಿತು. ಋಗ್ವೇದದಲ್ಲಿ ವರುಣನಂಥ ದೇವತೆಗಳಿಗೆ ಗೌರವದಿಂದ ಸಲ್ಲುತ್ತಿದ್ದ ‘ಅಸುರ’ ನಮ್ಮ ಪುರಾಣಗಳಿಗೆ ಬರುವಷ್ಟರಲ್ಲಿ ರಾಕ್ಷಸರ ಸಾಲಿನಲ್ಲಿ ಕೂತ.

ಥೀಸ್‌ನ ವಿಚಾರಣೆ ನಡೆದ ಕಾಲಕ್ಕೇ, ಆ ಪ್ರಾಂತ್ಯದಲ್ಲೇ, ಈ ಪದಗಳನ್ನು ಕಾಗದದ ಮೇಲೆ ಕಟ್ಟಿಹಾಕುವ ಕೆಲಸವೂ ಸಾಗಿತ್ತು. 1638ರಲ್ಲಿ ಗೆಯೋರ್ಗ್ ಮಾನ್ಸೇಲಿಯುಸ್ ಜರ್ಮನ್–ಲಾಟ್ವಿಯನ್ ನಿಘಂಟನ್ನು ಅಚ್ಚು ಹಾಕಿಸಿದ್ದ. ಆಲುಕ್ಸ್ನೆ ಊರಿನ ಪಾದ್ರಿ ಅರ್ನ್ಸ್ಟ್ ಗ್ಲ್ಯೂಕ್ ಬೈಬಲನ್ನು ಲಾಟ್ವಿಯನ್‌ಗೆ ತಂದು, 1689ರಲ್ಲಿ ಆ ದೊಡ್ಡ ಕೆಲಸ ಮುಗಿಸಿದ. ಅದರ ನೆನಪಿಗೆ ಅವನು ನೆಟ್ಟ ಓಕ್ ಮರಗಳು ಆಲುಕ್ಸ್ನೆಯಲ್ಲಿ ಇವತ್ತಿಗೂ ಹೆಸರುವಾಸಿ. ಮಾನ್ಸೇಲಿಯುಸ್, ಗ್ಲ್ಯೂಕ್ ಇಬ್ಬರೂ ಜರ್ಮನ್ ಪಾದ್ರಿಗಳೇ. ಲಾಟ್ವಿಯನ್ ಬರವಣಿಗೆಗೆ ಅಡಿಪಾಯ ಹಾಕಿದವರು ಇಂಥವರು, ಆ ಉಪಕಾರ ಸಣ್ಣದಲ್ಲ. ಆದರೆ ಯಾವುದು ಪಾಪ, ಯಾರು ಸೈತಾನ ಎಂದು ಲಾಟ್ವಿಯನ್ ರೈತನಿಗೆ ಅವನದೇ ಭಾಷೆಯಲ್ಲಿ ಹೇಳುವ ಹಕ್ಕು ಕೂಡ ಅದರೊಂದಿಗೆ ಅವರ ಕೈಸೇರಿತು. ಥೀಸ್ ಬಳಸಿದ್ದು ಬಹುಮಟ್ಟಿಗೆ ಅವರ ಪದಗಳನ್ನೇ: ದೇವರು, ಸೈತಾನ, ನರಕ, ಸ್ವರ್ಗ. ಅವನ್ನು ಜೋಡಿಸಿದ ಕ್ರಮ ಮಾತ್ರ ಅವನದು.

ಜಮೀನ್ದಾರನ ವೇಷದ ವೆಲ್ನ್ಸ್

ಹೀಗೆ ಜೋಡಿಸಿದವನು ಥೀಸ್ ಒಬ್ಬನೇ ಅಲ್ಲ. ಲಾಟ್ವಿಯನ್ ಜಾನಪದ ಕಥೆಗಳನ್ನು ಪೇಟೆರಿಸ್ ಶ್ಮಿಟ್ಸ್ ಎಂಬ ವಿದ್ವಾಂಸ 1925ರಿಂದ 1937ರವರೆಗೆ 15 ಸಂಪುಟಗಳಲ್ಲಿ ಹೊರತಂದ. ಅಲ್ಲಿ ಬರುವ ವೆಲ್ನ್ಸ್ ಬೈಬಲಿನ ಸೈತಾನನಷ್ಟು ಭಯಂಕರನಲ್ಲ. ಜೌಗುನೆಲ, ಕೆರೆ, ಧಾನ್ಯ ಒಣಗಿಸುವ ಕೊಟ್ಟಿಗೆ ಇವೆಲ್ಲ ಅವನ ಠಿಕಾಣಿಗಳು. ಬೇಕಾದಷ್ಟು ಬಲವಿದೆ, ದುಡ್ಡಿದೆ, ತಲೆ ಮಾತ್ರ ಚುರುಕಿಲ್ಲ. ರಾತ್ರೋರಾತ್ರಿ ಬಂಡೆ ಹೊತ್ತು ಒಡ್ಡು ಕಟ್ಟಲು ಹೊರಡುತ್ತಾನೆ, ಕೋಳಿ ಕೂಗಿದೊಡನೆ ಬಂಡೆ ಬಿಸಾಕಿ ಓಡುತ್ತಾನೆ. ಲಾಟ್ವಿಯಾದ ಹಲವೆಡೆ ‘ವೆಲ್ನ್ಸ್‌ನ ಕಲ್ಲು’ ಎಂಬ ಹೆಸರಿನ ಬಂಡೆಗಳಿವೆ. ಗೌಯಾ ನದಿಯ ದಡದಲ್ಲಿ ಅವನ ಹೆಸರಿನ ಗವಿಯೇ ಇದೆ.

ಎಷ್ಟೋ ಕಥೆಗಳಲ್ಲಿ ಅವನು ಕಾಣಿಸಿಕೊಳ್ಳುವುದು ಸೂಟುಬೂಟಿನ ದೊರೆಯಾಗಿ. ಲಾಟ್ವಿಯನ್ ರೈತನ ಕಣ್ಣಿಗೆ ಅಂಥ ಉಡುಪಿನವನೆಂದರೆ ಜರ್ಮನ್ ಜಮೀನ್ದಾರ. ನರಕವೂ ಜಮೀನ್ದಾರನ ಬಂಗಲೆಯ ಹಾಗೆಯೇ, ಅಲ್ಲೂ ಬಿಟ್ಟಿ ಚಾಕರಿ. ಕಥೆಯ ಕೊನೆಗೆ ಬಡ ಆಳುಮಗನೊಬ್ಬ ಉಪಾಯದಿಂದ ಅವನನ್ನು ಮಣ್ಣುಮುಕ್ಕಿಸುತ್ತಾನೆ. ಲಾಟ್ವಿಯಾದ ಸೀಮೆಗಳಲ್ಲಿ ಜೀತ ಕಾಗದದ ಮೇಲೆ ಕೊನೆಗೊಂಡದ್ದು ಕುರ್ಲಂಡ್‌ನಲ್ಲಿ 1817ರಲ್ಲಿ, ವಿಡ್ಝೆಮೆಯಲ್ಲಿ 1819ರಲ್ಲಿ, ಲಾಟ್‌ಗಾಲೆಯಲ್ಲಿ 1861ರಲ್ಲಿ. ಅಲ್ಲಿಯತನಕ ನ್ಯಾಯಾಲಯದಲ್ಲಿ ಆಡಲಾಗದ ದೂರನ್ನು ಜನ ಕಥೆಯಲ್ಲಿ ಆಡಿ ಹಗುರಾದರು.

ಥೀಸ್‌ನ ಹೇಳಿಕೆಯನ್ನು ವಿದ್ವಾಂಸರು ಎರಡು ಬಗೆಯಲ್ಲಿ ಓದಿದ್ದಾರೆ. 1924ರಲ್ಲಿ ಅಚ್ಚಾದ ಆ ಜರ್ಮನ್ ದಾಖಲೆಯನ್ನು ಇಟಲಿಯ ಇತಿಹಾಸಕಾರ ಕಾರ್ಲೊ ಗಿಂಜ್‌ಬರ್ಗ್ 1966ರ ತಮ್ಮ ಪುಸ್ತಕದಲ್ಲಿ ಚರ್ಚೆಗೆ ತಂದರು. ಇಟಲಿಯ ಫ್ರಿಯೂಲಿ ಸೀಮೆಯಲ್ಲೂ ಬೆಳೆ ಕಾಯಲು ರಾತ್ರಿ ಹೊತ್ತು ಮಾಟಗಾತಿಯರೊಡನೆ ಕಾದುತ್ತೇವೆ ಎಂದ ರೈತರಿದ್ದರು. ಎರಡರ ಹಿಂದೆಯೂ ಯುರೋಪಿನ ಉದ್ದಗಲಕ್ಕೆ ಹಬ್ಬಿದ್ದ ಪುರಾತನ ನಂಬಿಕೆಯ ಪದರವಿದೆ ಎಂಬುದು ಗಿಂಜ್‌ಬರ್ಗ್ ವಾದ. ಅಮೆರಿಕದ ವಿದ್ವಾಂಸ ಬ್ರೂಸ್ ಲಿಂಕನ್ ಅಷ್ಟು ದೂರ ಹೋಗಲಿಲ್ಲ. ತೋಳವೆಂದರೆ ಕಳ್ಳ ಮೃಗ ಎಂದು ದೊರೆಗಳು ಜರೆದ ಮಾತನ್ನೇ ತಿರುಗಿಸಿ, ನಿಜವಾದ ಕಳ್ಳರು ಬೇರೆ ಎಂದು ರೈತನೊಬ್ಬ ಹೇಳಿದ್ದನ್ನು ಅವರು ಇಲ್ಲಿ ಕಂಡರು. ಇಬ್ಬರ ವಾದವೂ ಸೇರಿದ ಪುಸ್ತಕ 2020ರಲ್ಲಿ ಬಂದಿದೆ.

ಲಿಂಕನ್ ಓದು ನನಗೆ ಹೆಚ್ಚು ಹತ್ತಿರ. ಬೆಳೆದದ್ದೆಲ್ಲ ಒಡೆಯನ ಕಣಜಕ್ಕೆ ಹೋಗುವ ಊರಿನಲ್ಲಿ, ನಮ್ಮ ಧಾನ್ಯವನ್ನು ಯಾರೋ ಕದ್ದು ನೆಲದಡಿ ಇಟ್ಟಿದ್ದಾರೆ, ನಾವು ಹೋಗಿ ತರುತ್ತೇವೆ ಎಂಬ ಕಥೆಗೆ ಬೇರೆ ವಿವರಣೆ ಬೇಕಿಲ್ಲ.

ಮನೆಯೊಳಗಿನ ಬೈಗುಳ

ಪಾದ್ರಿ, ದೊರೆ ಇಬ್ಬರೂ ಇಲ್ಲದ ಅಡುಗೆಮನೆ, ಅಂಗಳಗಳಲ್ಲಿ ಕೆಡುಕಿನ ಮಾತು ಇನ್ನೊಂದು ಬಗೆ. ಹುಡುಗರ ಕಿತಾಪತಿಗೆ ಲಾಟ್ವಿಯನ್ನರು ನೆದಾರ್ಬ್ಸ್ ಎನ್ನುತ್ತಾರೆ. ದಾರ್ಬ್ಸ್ ಎಂದರೆ ಕೆಲಸ, ನೆದಾರ್ಬ್ಸ್ ಎಂದರೆ ಕೆಲಸವಲ್ಲದ ಕೆಲಸ. ನೀಚನಿಗೆ ನೆಲಿಯೆಟಿಸ್, ಅಂದರೆ ಉಪಯೋಗಕ್ಕೆ ಬಾರದವನು. ‘ಕೆಲಸಕ್ಕೆ ಬಾರದವನು’ ಎಂದು ಬೈಯುವ ನಮಗೆ ಇದನ್ನು ವಿವರಿಸಬೇಕಿಲ್ಲ. ಸೈತಾನನ ಹೆಸರು ಬಾಯಲ್ಲಿ ಬರಬಾರದೆಂದು ನೆಲಾಬೈಸ್, ಅಂದರೆ ‘ಒಳ್ಳೆಯದಲ್ಲದವನು’ ಎಂದು ಸುತ್ತಿಬಳಸಿ ಹೇಳುವುದೂ ಉಂಟು. ತಪ್ಪು, ಅಪರಾಧ ಎನ್ನಲು ಬಳಸುವ ವೈನಾ ಎಂಬ ಪದವೇ ದೇಹದ ಊನಕ್ಕೂ ಸಲ್ಲುತ್ತದೆ. ನಮ್ಮ ‘ದೋಷ’ದ ಹಾಗೆ. ಹೊಲದ ಕೆಲಸ ಬಿಟ್ಟರೆ ಹೊಟ್ಟೆಗಿಲ್ಲದ ಜನರ ಲೆಕ್ಕದಲ್ಲಿ ಕೆಡುಕೆಂದರೆ ಮೊದಲು ಮೈಗಳ್ಳತನ, ಆಮೇಲೆ ಉಳಿದದ್ದು.

ಚೀಲದೊಳಗಿನ ಹೆಸರುಗಳು

ಕಳೆದ ಶತಮಾನದಲ್ಲಿ ಹೊಸ ಆಡಳಿತ ಹೊಸ ಪದಗಳನ್ನು ತಂದಿತು. 1940ರಲ್ಲಿ ಸೋವಿಯತ್ ಒಕ್ಕೂಟ ಲಾಟ್ವಿಯಾವನ್ನು ಆಕ್ರಮಿಸಿತು. ‘ಜನತೆಯ ಶತ್ರು’, ‘ಕುಲಾಕ್’ ಎಂಬ ಹಣೆಪಟ್ಟಿಗಳು ಮಾಸ್ಕೋದಿಂದ ಬಂದವು. 1941ರ ಜೂನ್ 14ರಂದು 15,000ಕ್ಕೂ ಹೆಚ್ಚು ಮಂದಿಯನ್ನು, 1949ರ ಮಾರ್ಚ್ 25ರಿಂದ ಶುರುವಾದ ಕಾರ್ಯಾಚರಣೆಯಲ್ಲಿ 42,000ಕ್ಕೂ ಹೆಚ್ಚು ಮಂದಿಯನ್ನು ರೈಲುಗಳಲ್ಲಿ ತುಂಬಿ ಸೈಬೀರಿಯಾದ ಕಡೆಗೆ ಸಾಗಿಸಿದರು. ಅವರಲ್ಲಿ ಮಕ್ಕಳೂ ಮುದುಕರೂ ಇದ್ದರು. ನಾಲ್ಕು ಎಕರೆ ಹೆಚ್ಚಿಗೆ ಉಳುತ್ತಿದ್ದವನು ಕುಲಾಕ್, ಅವನ ಮಗುವೂ ಕುಲಾಕ್ ಮನೆಯದು. 1941ರಿಂದ 1944–45ರವರೆಗೆ ನಡುವೆ ಬಂದ ನಾಜಿಗಳ ಆಳ್ವಿಕೆಯಲ್ಲಿ ಲಾಟ್ವಿಯಾದ ಯಹೂದಿಗಳಲ್ಲಿ ಹೆಚ್ಚಿನವರು ಕೊಲೆಯಾದರು. ಅವರ ಪಾಲಿಗೆ ಹುಟ್ಟೇ ಅಪರಾಧವಾಗಿತ್ತು. ಆ ಕೊಲೆಗಳಲ್ಲಿ ಕೆಲವು ಲಾಟ್ವಿಯನ್ನರೂ ಕೈಜೋಡಿಸಿದ್ದರು. ಹಣೆಪಟ್ಟಿ ಹಚ್ಚುವ ಕೆಲಸ ಹೊರಗಿನವರದಷ್ಟೇ ಎಂದು ಹೇಳಿ ಮುಗಿಸಲು ಈ ಚರಿತ್ರೆ ಬಿಡುವುದಿಲ್ಲ.

ರೀಗಾದ ಬ್ರಿವಿಬಾಸ್ ಬೀದಿಯ ಮೂಲೆಯಲ್ಲಿ ಒಂದು ಸೊಗಸಾದ ಹಳೆಯ ಕಟ್ಟಡವಿದೆ. ಸೋವಿಯತ್ ಗುಪ್ತ ಪೊಲೀಸರ ಕಚೇರಿ ಅಲ್ಲಿತ್ತು. ಜನ ಅದನ್ನು ‘ಮೂಲೆ ಮನೆ’ ಎಂದಷ್ಟೇ ಕರೆದರು. ಈಗ ಅಲ್ಲಿ ವಸ್ತುಸಂಗ್ರಹಾಲಯವಿದೆ. ಸೋವಿಯತ್ ಆಳ್ವಿಕೆ ಮುಗಿದು ಗುಪ್ತ ಪೊಲೀಸರು ಹೋಗುವಾಗ ಬಿಟ್ಟುಹೋದ ಮಾಹಿತಿದಾರರ ಕಾರ್ಡುಗಳಿಗೆ ‘ಚೆಕಾ ಚೀಲಗಳು’ ಎಂದು ಹೆಸರಾಯಿತು; ಚೆಕಾ ಎಂದರೆ ಸೋವಿಯತ್ ಗುಪ್ತ ಪೊಲೀಸರ ಮೊದಲ ಹೆಸರು. ತೆರೆಯಬೇಕೋ ಬೇಡವೋ ಎಂದು ವರ್ಷಗಟ್ಟಲೆ ಜಗಳವಾಡಿ, 2018ರ ಡಿಸೆಂಬರಿನಲ್ಲಿ ಅವನ್ನು ಅಂತರ್ಜಾಲದಲ್ಲಿ ಪ್ರಕಟಿಸಿದರು. ಹೆಸರಾಂತರೂ ಪಟ್ಟಿಯಲ್ಲಿದ್ದರು. ಕೆಲವರು ಒಪ್ಪಿಕೊಂಡರು, ಹಲವರು ಅಲ್ಲಗಳೆದರು: ತಮಗೆ ಗೊತ್ತಿಲ್ಲದಂತೆ ಹೆಸರು ಬರೆದುಕೊಂಡಿದ್ದಾರೆ ಎಂದರು. ಒಬ್ಬ ಅಧಿಕಾರಿ ತನ್ನ ಲೆಕ್ಕ ತುಂಬಿಸಲು ಬರೆದ ಕಾರ್ಡೊಂದೇ ಸಾಕೆ ಎಂಬ ಪ್ರಶ್ನೆ ನ್ಯಾಯಾಲಯಕ್ಕೂ ಹೋಯಿತು. ಸಹಕರಿಸಿದ್ದು ಸಾಬೀತಾಗಿಲ್ಲ ಎಂದು ಹಲವು ಪ್ರಕರಣಗಳಲ್ಲಿ ತೀರ್ಪಾಗಿದೆ.

ಥೀಸ್‌ನದೂ ಇಂಥದೇ ಕಾಗದ. ಅವನು ಆಡಿದ್ದನ್ನು ಅವನನ್ನು ಶಿಕ್ಷಿಸಿದವರೇ ಜರ್ಮನ್‌ನಲ್ಲಿ ಬರೆದಿಟ್ಟರು. ಅವನ ಪರವಾಗಿ ಬೇರೆ ದಾಖಲೆಯಿಲ್ಲ. ಆದರೂ ಗುಮಾಸ್ತ ಪ್ರಶ್ನೆಗಳ ಜೊತೆ ಉತ್ತರಗಳನ್ನೂ ಬರೆದುಕೊಂಡದ್ದರಿಂದ, ಆ ತೀರ್ಪನ್ನು ಮತ್ತೆ ಕೈಗೆತ್ತಿಕೊಂಡು ತೂಗಲು ಸಾಧ್ಯವಾಗಿದೆ. ಚೆಕಾ ಕಾರ್ಡುಗಳಲ್ಲಿ ಆ ಅನುಕೂಲವಿಲ್ಲ. ಅಲ್ಲಿರುವುದು ಹೆಸರು ಮತ್ತು ಹಣೆಪಟ್ಟಿ. ಉತ್ತರ ಕೊಡಲು ಆರೋಪಿಗೆ ಜಾಗವಿಲ್ಲ. ಒಬ್ಬನನ್ನು ಪಾಪಿ, ದ್ರೋಹಿ, ಅಪರಾಧಿ ಎಂದು ಬರೆಯುವ ಯಾವ ಕಾಗದವನ್ನಾದರೂ ನಂಬುವ ಮುನ್ನ ಅವನ ಮಾತಿಗೆ ಅದರಲ್ಲಿ ಎಷ್ಟು ಸಾಲು ಕೊಟ್ಟಿದ್ದಾರೆ ಎಂದು ಎಣಿಸಬೇಕು. ಥೀಸ್‌ನ ನ್ಯಾಯಾಧೀಶರು ಮುದುಕನಿಗೆ ಛಡಿಯೇಟು ಹಾಕಿಸಿದರು ನಿಜ; ಮಾತಾಡಲು ಬಿಟ್ಟದ್ದರಲ್ಲಿ ಮಾತ್ರ ಅವರು ತಮ್ಮ ನಂತರದ ಎಷ್ಟೋ ಮಂದಿಗಿಂತ ವಾಸಿ.